ಲುಂಬಿನಿಗೆ ಅರ್ಧ ಗಂಟೆಯ ದಾರಿ

ಹರಪನಹಳ್ಳಿ

ಕಾಠ್ಮಂಡುವಿನಿಂದ ಭೈರಹವಾಕ್ಕೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಮೊಬೈಲಿನಲ್ಲಿ ಹುಡುಕಿದೆ. ಅರ್ಧ ಗಂಟೆ ಚಿಲ್ಲರೆ ಎಂದು ತೋರಿಸಿತು. ರಸ್ತೆಯಲ್ಲಿ ಹೋದರೆ ಒಂದು ಹಗಲು ಪೂರ್ತಿ. ಭೈರಹವಾದಿಂದ ಲುಂಬಿನಿ ಹತ್ತಿರದಲ್ಲೇ ಇದೆ. ಮೊಬೈಲನ್ನು ಚಿಗವ್ವನ ಮುಂದೆ ಹಿಡಿದು ಹೇಳಿದೆ:

"ನೋಡು ಚಿಗವ್ವ, ಕೊಟ್ಟೂರಾಗ ಬಸ್ ಹತ್ತಿ ಕೂಡ್ಲಿಗಿಯಾಗ ಇಳಿಯೋದ್ರಾಗ ನಾವು ಬುದ್ಧ ಹುಟ್ಟಿದ ಊರು ಮುಟ್ಟಿರ್ತೀವಿ."

"ಕೂಡ್ಲಿಗಿ ಬಸ್ಸು ನಡುವ ಕೆಟ್ಟು ನಿಂತ್ರ?"

"ಇದು ವಿಮಾನ. ಕೆಡಂಗಿಲ್ಲ ಬಿಡು."

ಚಿಗವ್ವ ಎಂದರೆ ನನ್ನ ಅವ್ವನ ತಂಗಿ ದುರುಗವ್ವ. ಹಡಗಲಿಯ ಕಡೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾಗಿ ಈಗ ಹರಪನಹಳ್ಳಿಯಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಇದ್ದಾಳೆ. ಮೊಣಕಾಲು ನೋವು, ಶುಗರ್ ಎರಡೂ ಇವೆ. ನಮ್ಮ ಓಣಿಯಲ್ಲಿ ಬುದ್ಧನ ಪಟದ ಮುಂದೆ ಪ್ರತಿ ಹುಣ್ಣಿಮೆಗೆ ಎಲ್ಲರೂ ಸೇರುತ್ತೇವೆ. ಮೇಣದ ಬತ್ತಿ ಹಚ್ಚುವ ಕೆಲಸ ಅವಳದೇ. ಲುಂಬಿನಿ ನೋಡಬೇಕೆಂಬ ಆಸೆಯೂ ಅವಳದೇ. ವಿಮಾನದ ಆಸೆ ಮಾತ್ರ ನನ್ನದು.

ಗೋರಖಪುರದ ತನಕ ರೈಲಿಗೆ ಹೋಗಿ, ಅಲ್ಲಿಂದ ಗಡಿ ದಾಟಿದರೆ ಲುಂಬಿನಿ ಹತ್ತಿರ ಎಂದು ಹೋಗಿ ಬಂದವರೆಲ್ಲ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಗರಿಬೊಮ್ಮನಹಳ್ಳಿಯ ಬಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಹಿಮಾಲಯದ ಬಗ್ಗೆ ಪಾಠ ಮಾಡುತ್ತ ಮಾಡುತ್ತ ತಲೆಗೂದಲು ಹಣ್ಣಾಗಿತ್ತು, ಹಿಮಾಲಯವನ್ನು ಕಂಡಿರಲಿಲ್ಲ. ದಿಲ್ಲಿಯ ಮೇಲೆ ಕಾಠ್ಮಂಡುವಿಗೆ ಹಾರಬೇಕು, ಅಲ್ಲಿಂದ ಲುಂಬಿನಿಗೂ ಹಾರಬೇಕು, ಕಿಟಕಿಯಿಂದ ಹಿಮ ನೋಡಬೇಕು, ನೋಡಿದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಬೇಕು. ಲೆಕ್ಕ ಎಲ್ಲಾ ಪಕ್ಕಾ ಇತ್ತು.

ಕಾಠ್ಮಂಡು

ಹಿಮ ಕಂಡಿತು. ಮೋಡದ ಮೇಲೆ ಬೆಳ್ಳಗೆ, ಯಾರೋ ಹಿಟ್ಟು ಜರಡಿ ಹಿಡಿದು ಗುಡ್ಡೆ ಹಾಕಿದ ಹಾಗೆ. ನಾನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಲೇ ಇದ್ದೆ. ಇಳಿಯುವ ಮುಂಚೆ ಗಗನಸಖಿ ಏನೋ ಹೇಳಿದಳು. ಎಲ್ಲರೂ ಕೈಗಡಿಯಾರ ನೋಡಿಕೊಂಡರು. ನಾನು ಹಿಮ ನೋಡುತ್ತಿದ್ದೆ.

ಮರುದಿನ ಬೌದ್ಧನಾಥದ ದೊಡ್ಡ ಸ್ತೂಪಕ್ಕೆ ಹೋದೆವು. ಜನ ಅದರ ಸುತ್ತ ಹೊಳೆಯ ಹಾಗೆ ಹರಿಯುತ್ತಿದ್ದರು. ಪೂಜೆಗೆಂದು ಯಾರೂ ಸಾಲು ನಿಂತಿರಲಿಲ್ಲ. ಆಫೀಸಿಗೆ ಹೊರಟವರು, ತರಕಾರಿ ಚೀಲ ಹಿಡಿದವರು ಎರಡು ಸುತ್ತು ಹಾಕಿ ತಮ್ಮ ದಾರಿ ಹಿಡಿಯುತ್ತಿದ್ದರು. ಟಿಬೆಟಿನ ಮುದುಕಿಯೊಬ್ಬಳು ಚಿಗವ್ವನ ಕೈ ಹಿಡಿದು ತನ್ನ ಜೊತೆ ಸುತ್ತು ಹಾಕಿಸಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ಮಾತಾಡುತ್ತಲೇ ಇದ್ದರು.

"ಏನಂದಳು ಆಕಿ?" ಎಂದು ಕೇಳಿದೆ.

"ಮೊಣಕಾಲು ನೋವು ಅಂದ್ಲು. ನಂದೂ ಹಂಗ ಅಂತ ನಾ ಹೇಳಿದೆ."

ಅಲ್ಲಿಯವರ ಒಂದು ರೂಢಿ ಮಾತ್ರ ನನಗೆ ಹಿಡಿಸಲಿಲ್ಲ. ಎಲ್ಲದಕ್ಕೂ ಅವಸರ. ಹೋಟೆಲಿನಲ್ಲಿ ನಾಷ್ಟಾ ಮುಗಿಯುವ ಹೊತ್ತೆಂದು ಬರೆದಿದ್ದ ಹೊತ್ತಿಗೆ ಸರಿಯಾಗಿ ಹೋದರೆ, ಪಾತ್ರೆ ತೊಳೆಯಲು ಹಾಕಿಬಿಟ್ಟಿದ್ದರು. ವಸ್ತುಸಂಗ್ರಹಾಲಯದಲ್ಲಿ ಮುಚ್ಚುವ ಹೊತ್ತಿಗಿಂತ ಮೊದಲೇ ನಮ್ಮನ್ನು ಹೊರಗೆ ಕಳಿಸಿದರು. 'ಇಲ್ಲಿಯವರಿಗೆ ಸಮಯಪ್ರಜ್ಞೆ ಅನ್ನೋದೇ ಇಲ್ಲ' ಎಂದು ಹೋಟೆಲಿನ ವೈಫೈ ಹಿಡಿದು ಸ್ಟಾಫ್ ಗ್ರೂಪಿಗೆ ಬರೆದು ಹಾಕಿದೆ. ಐದಾರು ಜನ ನಗುವ ಮುಖ ಕಳಿಸಿದರು.

ವಿಮಾನ ನಿಲ್ದಾಣ

ಭೈರಹವಾದ ವಿಮಾನ ಬೆಳಗಿನದು. ಹೇಳಿದ್ದಕ್ಕಿಂತ ಮುಂಚೆಯೇ ಟ್ಯಾಕ್ಸಿಯವನು ಬಂದು ಹೋಟೆಲಿನ ಬಾಗಿಲಲ್ಲಿ ನಿಂತ. ಚಿಗವ್ವ ಆಗಲೇ ಬ್ಯಾಗು ಹಿಡಿದು ಕೆಳಗೆ ಇಳಿದಿದ್ದಳು.

"ಸುಮಿ, ಆತ ಬಂದಾನ. ಹೋಗೂಣೇನು?"

"ಇನ್ನಾ ಟೈಮ್ ಐತಿ. ನಿಲ್ಲಲಿ. ಹೇಳಿದ ಹೊತ್ತಿಗೆ ಬರೋದು ಕಲೀಲಿ."

ನಾನು ನಿಧಾನವಾಗಿ ಚಹಾ ಕುಡಿದೆ. ಚಿಗವ್ವ ಶುಗರ್ ಮಾತ್ರೆ ನುಂಗಿ ಎರಡು ಬಿಸ್ಕತ್ತು ತಿಂದಳು. ನಾಷ್ಟಾ ವಿಮಾನ ನಿಲ್ದಾಣದಲ್ಲೇ ಆಗಲಿ ಎಂದು ನಾನೇ ಹೇಳಿದ್ದೆ.

ನಿಲ್ದಾಣ ಮುಟ್ಟಿದಾಗ ಕೌಂಟರು ಮುಚ್ಚಲು ನನ್ನ ಗಡಿಯಾರದ ಪ್ರಕಾರ ಇನ್ನೂ ಸ್ವಲ್ಪ ಹೊತ್ತಿತ್ತು. ಚಿಗವ್ವ ಸೆರಗು ಸರಿ ಮಾಡಿಕೊಳ್ಳುತ್ತ, "ಒಂದೀಟು ಹೋಗಿ ಬರ್ತೀನವ್ವ" ಎಂದಳು. ಶುಗರ್ ಇದ್ದವರಿಗೆ ಅದು ತಡೆಯುವಂಥದ್ದಲ್ಲ. ಹೆಂಗಸರ ಶೌಚಾಲಯದ ಮುಂದೆ ಸಾಲು ಇತ್ತು. ನಾನು ಹೊರಗೆ ಗಡಿಯಾರ ನೋಡುತ್ತ ನಿಂತೆ. ಅವಳು ಮೊಣಕಾಲು ಎಳೆಯುತ್ತ ಹೊರಬಂದ ಕೂಡಲೇ ರಟ್ಟೆ ಹಿಡಿದು ಕೌಂಟರಿಗೆ ಕರೆದುಕೊಂಡು ಹೋದೆ.

ಕೌಂಟರಿನ ಹುಡುಗಿ ಹಿಂದಿಯಲ್ಲಿ, ಬಹಳ ಮೆತ್ತಗೆ, ಮುಚ್ಚಿ ಆಯಿತು ದೀದಿ ಎಂದಳು. ನಾನು ಬೇಡಿಕೊಂಡೆ, ಇಂಗ್ಲಿಷಿನಲ್ಲಿ ಜೋರು ಮಾಡಿದೆ. ಆಗುವುದಿಲ್ಲ, ಮಧ್ಯಾಹ್ನದ ವಿಮಾನಗಳೂ ಭರ್ತಿ ಎಂದಳು. ಹಿಂದೆ ತಿರುಗಿದೆ. ಚಿಗವ್ವ ಎರಡೂ ಬ್ಯಾಗು ಹೊತ್ತುಕೊಂಡು ನಿಂತಿದ್ದಳು.

"ಎಷ್ಟು ಸಲ ಹೋಗ್ತಿ ನೀನು? ರೂಮಿನಾಗ ಹೋಗಿದ್ದಿ, ಇಲ್ಲೂ ಹೋಗಬೇಕಿತ್ತಾ? ಬಾಟ್ಲಿಗಟ್ಟಲೆ ನೀರು ಕುಡೀಬ್ಯಾಡ ಅಂದ್ರ ಕೇಳಂಗಿಲ್ಲ. ನಿನ್ನಿಂದ ವಿಮಾನ ಹೋತು. ನಿನ್ನ ಕರ್ಕೊಂಡು ಬಂದಿದ್ದ ನಂದು ತಪ್ಪಾತು!"

ನನ್ನ ದನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನವರೆಗೆ ಮುಟ್ಟಿಸಿ ರೂಢಿಯಾದ ದನಿ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಕನ್ನಡ ಯಾರಿಗೂ ತಿಳಿಯದಿದ್ದರೂ, ಬೈಯುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಬೈಸಿಕೊಳ್ಳುವವರು ಯಾರು ಎನ್ನುವುದೂ ತಿಳಿಯುತ್ತದೆ.

ಚಿಗವ್ವ ಬ್ಯಾಗು ಕೆಳಗಿಟ್ಟು, ತಲೆ ತಗ್ಗಿಸಿ, "ತಪ್ಪಾತವ್ವ" ಎಂದಳು. ಅಷ್ಟೆ. ಅವಳು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಬಸ್ಸಿನ ಕೌಂಟರು

ಊರ ಹೊರಗಿನ ಬಸ್ಸಿನ ಕೌಂಟರೆಂದರೆ ಒಂದು ಮೇಜು, ಅದರ ಹಿಂದೆ ಗೋಡೆ, ಗೋಡೆಯ ಮೇಲೊಂದು ದೊಡ್ಡ ಗಡಿಯಾರ. ಅದು ನನ್ನ ಕೈಗಡಿಯಾರಕ್ಕಿಂತ ಕಾಲು ಗಂಟೆ ಮುಂದಿತ್ತು. ಕೆಟ್ಟಿರಬೇಕು ಅಂದುಕೊಂಡೆ. ಎದುರಿನ ಬ್ಯಾಂಕಿನ ಬಾಗಿಲಲ್ಲಿ ಕೆಂಪು ಅಂಕಿಗಳ ಗಡಿಯಾರವಿತ್ತು. ಅದೂ ಕಾಲು ಗಂಟೆ ಮುಂದಿತ್ತು.

ಒಂಬತ್ತನೇ ತರಗತಿಗೆ ನಾನು ಪ್ರತಿ ವರ್ಷ ರೇಖಾಂಶದ ಪಾಠ ಮಾಡುತ್ತೇನೆ. ಪೂರ್ವಕ್ಕೆ ಹೋದಂತೆ ಸಮಯ ಮುಂದೆ ಎಂದು ಗೋಲವನ್ನು ಕೈಯಲ್ಲಿ ತಿರುಗಿಸಿ ತೋರಿಸುತ್ತೇನೆ. ನೇಪಾಳದ ಸಮಯ ನಮಗಿಂತ ಕಾಲು ಗಂಟೆ ಮುಂದಿದೆ, ಇದು ವಿಶೇಷ ಎಂದು ಹೇಳಿ, ಅಡಿಗೆರೆ ಎಳೆದುಕೊಳ್ಳಲು ಹೇಳುತ್ತೇನೆ. ಬಂದ ಮೇಲೆ ಅಲ್ಲಿಯ ಸಿಮ್ ಹಾಕದಿದ್ದರಿಂದ ಮೊಬೈಲೂ ನಮ್ಮ ಊರಿನ ಸಮಯವನ್ನೇ ತೋರಿಸುತ್ತಿತ್ತು.

ಎಲ್ಲಾ ಒಟ್ಟಿಗೆ ತಿಳಿಯಿತು. ಮುಗಿದುಹೋದ ನಾಷ್ಟಾ, ಮುಚ್ಚಿದ ಸಂಗ್ರಹಾಲಯ, 'ಮುಂಚೆ' ಬಂದಿದ್ದ ಟ್ಯಾಕ್ಸಿ. ನಾವು ನಿಲ್ದಾಣ ಮುಟ್ಟುವ ಮೊದಲೇ ಕೌಂಟರು ಮುಚ್ಚಿತ್ತು. ಚಿಗವ್ವ ಶೌಚಾಲಯಕ್ಕೆ ಹೋಗದಿದ್ದರೂ ಆ ವಿಮಾನ ನಮಗೆ ಸಿಗುತ್ತಿರಲಿಲ್ಲ.

ಅವಳು ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದಳು. ನಾನು ಆಗಲೇ ಹೇಳಬೇಕಿತ್ತು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅವಳೇ, "ಟಿಕೇಟ್ ಸಿಕ್ತೇನವ್ವ? ನನ್ನಿಂದ ನಿನಗ ಎಷ್ಟು ತ್ರಾಸು" ಎಂದಳು.

"ಇರಲಿ ಬಿಡು" ಎಂದೆ.

ಕ್ಷಮಿಸುವವಳ ದನಿಯಲ್ಲಿ ಹಾಗೆಂದೆ. ಮಾಡಿದ ತಪ್ಪಿಗಿಂತ ಆ ಎರಡು ಮಾತು ನನ್ನನ್ನು ಈಗಲೂ ಹೆಚ್ಚು ಚುಚ್ಚುತ್ತವೆ. ಗಡಿಯಾರದ ಮುಳ್ಳನ್ನು ಮೆಲ್ಲಗೆ ತಿರುಗಿಸಿ ಸರಿ ಮಾಡಿಕೊಂಡೆ. ಅದನ್ನೂ ಅವಳಿಗೆ ಬೆನ್ನು ಹಾಕಿ ಮಾಡಿದೆ.

ತ್ರಿಶೂಲಿಯ ಗುಂಟ

ಕಾಠ್ಮಂಡುವಿನ ಬೋಗುಣಿಯಿಂದ ಬಸ್ಸು ಏರಿ ಹೊರಗೆ ಬಂದು ಇಳಿಯತೊಡಗಿದರೆ, ಕೆಳಗೆ ತ್ರಿಶೂಲಿ ನದಿ ಜೊತೆಯಾಗುತ್ತದೆ. ನಮ್ಮ ತುಂಗಭದ್ರೆ ಹಡಗಲಿಯ ಕಡೆ ಹರಿಯುವುದು ಉಂಡು ಮಲಗಿದವರ ಹಾಗೆ. ಈ ನದಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತದೆ. ರಸ್ತೆ ಒಂದೊಂದು ತಿರುವಿನಲ್ಲೂ ನದಿಯ ಮೇಲೆ ಬಾಗುತ್ತದೆ. ಲಾರಿಗಳು ಒಂದಕ್ಕೊಂದು ಹಾರ್ನ್ ಹೊಡೆಯುವುದು ಜಗಳಕ್ಕಲ್ಲ, ದಾರಿ ಕೊಟ್ಟದ್ದಕ್ಕೆ ನಮಸ್ಕಾರ ಹೇಳಲು.

ಇದನ್ನೆಲ್ಲ ನಾನು ನೋಡಿದೆ. ಆದರೆ ಪಕ್ಕದಲ್ಲಿ ಕುಳಿತವಳ ಕಡೆ ತಿರುಗಲು ಆಗಲಿಲ್ಲ. ಲುಂಬಿನಿಯಲ್ಲಿ ಹೇಳಿದರಾಯಿತು, ಈಗ ಅವಳಿಗೆ ದಣಿವಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮುಗ್ಲಿಂಗ್ ಎಂಬಲ್ಲಿ ಊಟಕ್ಕೆ ನಿಲ್ಲಿಸಿದರು. ಅನ್ನ, ಬೇಳೆ, ಸೊಪ್ಪು. ಖಾಲಿಯಾದಂತೆ ತಂದು ಬಡಿಸುತ್ತಲೇ ಇದ್ದರು, ನಮ್ಮ ಕಡೆ ಮದುವೆಯ ಪಂಕ್ತಿಯ ಹಾಗೆ. ಚಿಗವ್ವ ಬಸ್ಸಿನಿಂದ ಇಳಿಯಲೇ ಇಲ್ಲ.

"ಹೊಟ್ಟಿ ತುಂಬೈತಿ. ನೀ ಉಂಡು ಬಾ."

"ನೀರರ ಕುಡಿ."

"ನೀರಡಿಕಿ ಇಲ್ಲ."

ನಾನು ಒತ್ತಾಯ ಮಾಡಲಿಲ್ಲ. ಅವಳ ಎದುರಿಗೆ ಕೂತು ಉಣ್ಣುವುದು ತಪ್ಪಿದ್ದೇ ನನಗೆ ಹಗುರವಾಗಿತ್ತು. ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಕಾವಾಸೋತಿಯ ಹತ್ತಿರ

ನಾರಾಯಣಘಾಟ್ ದಾಟಿದ ಮೇಲೆ ಬೆಟ್ಟ ಮುಗಿದು ಬಯಲು ಬಂತು, ಸೆಕೆಯೂ ಬಂತು. ಚಿಗವ್ವನ ತಲೆ ನನ್ನ ಭುಜಕ್ಕೆ ತಾಗಿತು. ನಿದ್ದೆ ಅಂದುಕೊಂಡೆ. ಅವಳ ಕೈ ನನ್ನ ಕೈ ಮೇಲೆ ಬಿತ್ತು. ಮುಟ್ಟಿದರೆ ತಣ್ಣಗೆ, ಬೆವರಿನಿಂದ ತೊಯ್ದಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಏನೋ ತೊದಲಿದಳು.

"ಗಾಡಿ ನಿಲ್ಲಿಸ್ರಿ!" ಎಂದು ಕನ್ನಡದಲ್ಲೇ ಕೂಗಿದೆ.

ಬಸ್ಸು ಒಂದು ಚಹಾದಂಗಡಿಯ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಹೆಂಗಸು ಎದ್ದು ಬಂದಳು. ಬುಟವಲ್ ಊರಿನವಳು, ಹೆಸರು ಸಾವಿತ್ರಿ ಎಂದು ಆಮೇಲೆ ತಿಳಿಯಿತು. ಚಿಗವ್ವನ ಹಣೆ ಮುಟ್ಟಿ, ಶುಗರ್ ಕಾಯಿಲೆ ಇದೆಯೇ ಎಂದು ಹಿಂದಿಯಲ್ಲಿ ಕೇಳಿದಳು. ನಾನು ತಲೆಯಾಡಿಸಿದೆ. ಶುಗರ್ ಇಳಿದುಬಿಟ್ಟಿದೆ ಎನ್ನುತ್ತ ಅವಳು ಅಂಗಡಿಯಿಂದ ಸಕ್ಕರೆ ತಂದು, ನೀರಲ್ಲಿ ಕದಡಿ, ಚಮಚದಿಂದ ತುಟಿಗೆ ಹಚ್ಚತೊಡಗಿದಳು. ಡ್ರೈವರು ಮತ್ತು ಇನ್ನೊಬ್ಬರು ಸೇರಿ ಚಿಗವ್ವನನ್ನು ಎತ್ತಿ ಅಂಗಡಿಯ ಬೆಂಚಿನ ಮೇಲೆ ಮಲಗಿಸಿದರು. ನಾನು ಏನು ಮಾಡಿದೆ ಎಂದು ನೆನಪಿಲ್ಲ. ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆನಂತೆ.

ಡ್ರೈವರು ಇಂಜಿನ್ ಆರಿಸಿದ. ಜನ ಒಬ್ಬೊಬ್ಬರಾಗಿ ಇಳಿದು ಮರದ ನೆರಳಲ್ಲಿ ಕುಳಿತರು. ಅವರಲ್ಲಿ ಮದುವೆಗೆ ಹೊರಟವರಿದ್ದರು, ಕಂಕುಳ ಕೂಸಿನ ತಾಯಿ ಇದ್ದಳು. ಹೊತ್ತಾಯಿತು ಎಂದು ಒಬ್ಬರೂ ಅನ್ನಲಿಲ್ಲ. ಒಬ್ಬರೂ ಕೈಗಡಿಯಾರ ನೋಡಲಿಲ್ಲ. ನಾನು ಎಲ್ಲರ ಮಣಿಕಟ್ಟನ್ನೂ ನೋಡುತ್ತಿದ್ದೆ.

ಸಕ್ಕರೆ ನೀರು ಒಳಗೆ ಹೋಗುತ್ತ ಹೋಗುತ್ತ ಚಿಗವ್ವನ ಕಣ್ಣು ತಿಳಿಯಾಯಿತು. ಎದ್ದು ಕೂತಳು. ಬೆಳಗಿನಿಂದ ಏನೂ ತಿಂದಿಲ್ಲವೇ, ನೀರೂ ಕುಡಿದಿಲ್ಲವೇ ಎಂದು ಸಾವಿತ್ರಿ ಕೇಳಿದಳು. ಹಡಗಲಿಯ ಓಣಿಯ ಮುಸ್ಲಿಮರ ಮನೆಗಳಲ್ಲಿ ಆಡಿ ಕಲಿತ ಉರ್ದು ಮಾತು ಚಿಗವ್ವನಿಗೆ ಬರುತ್ತಿತ್ತು. ಸಾವಿತ್ರಿಗೆ ಆ ಮಾತಿನಲ್ಲೇ ಏನೋ ಹೇಳಿದಳು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ನೀರು ಕುಡಿದ್ರ ಮತ್ತ ಇಳೀಬೇಕಲ್ಲವ್ವ. ನಾ ಇಳಿದು, ಬಸ್ಸೂ ಬಿಟ್ಟು ಹೋದ್ರ ನೀ ಏನ್ ಮಾಡ್ತಿದ್ದಿ?"

ಉಂಡರೂ ನೀರು ಕುಡಿಯಬೇಕಾಗುತ್ತದೆ ಎಂದು ಊಟವನ್ನೂ ಬಿಟ್ಟಿದ್ದಳು.

ನಾನು ಅವಳ ಕಾಲ ಹತ್ತಿರ ಕುಳಿತೆ. "ಚಿಗವ್ವ, ನಿನ್ನಿಂದ ವಿಮಾನ ಹೋಗಲಿಲ್ಲ. ಇವರ ಟೈಮು ನಮ್ಮದಕ್ಕಿಂತ ಕಾಲು ಗಂಟಿ ಮುಂದ ಐತಿ. ನಾ ಗಡಿಯಾರ ತಿರುಗಿಸಿರಲಿಲ್ಲ. ನಾವು ಹೋಗೋದ್ರಾಗ ಮುಚ್ಚಿತ್ತು. ತಪ್ಪು ನಂದು."

ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ಇದು ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ಈಗ ಗೊತ್ತಾಯಿತು ಎಂದರೆ ಮುಗಿಯುತ್ತಿತ್ತು.

"ಬಸ್ ಹತ್ತೋಕಿಂತ ಮುಂಚೆ."

ಚಿಗವ್ವ ಎದ್ದಳು. ನಾನು ಕೈ ಕೊಟ್ಟೆ, ಹಿಡಿಯಲಿಲ್ಲ. ಸಾವಿತ್ರಿಯ ಭುಜ ಹಿಡಿದು ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕುಳಿತಳು. ಉಳಿದ ದಾರಿಯಲ್ಲಿ ನನ್ನ ಪಕ್ಕದ ಸೀಟಿನಲ್ಲಿ ನಮ್ಮ ಎರಡು ಬ್ಯಾಗುಗಳಿದ್ದವು. ಹಿಂದೆ ಅವರಿಬ್ಬರೂ ಮಾತಾಡುವುದು, ಸಾವಿತ್ರಿಯ ಡಬ್ಬಿಯಿಂದ ಏನೋ ತಿನ್ನುವುದು ಕೇಳಿಸುತ್ತಿತ್ತು. ಒಮ್ಮೆ ಚಿಗವ್ವ ನಕ್ಕಳು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಲುಂಬಿನಿ

ಲುಂಬಿನಿ ಸದ್ದಿಲ್ಲದ ಊರು. ನಮ್ಮ ಕಡೆಯ ಕ್ಷೇತ್ರಗಳ ಹಾಗೆ ಬಾಗಿಲಿನಿಂದ ಬಾಗಿಲಿಗೆ ಕಾಯಿ-ಕರ್ಪೂರದ ಅಂಗಡಿಗಳಿಲ್ಲ. ಉದ್ದನೆಯ ದಾರಿ, ಹುಲ್ಲು, ಗದ್ದೆಯಲ್ಲಿ ಕೊಕ್ಕರೆಗಳು. ಹಳೆಯ ಇಟ್ಟಿಗೆಯ ಅಡಿಪಾಯದ ಮೇಲೆ ಬಿಳಿ ಗುಡಿ, ಪಕ್ಕದಲ್ಲಿ ಕೊಳ, ಅರಳಿ ಮರ. ದೇಶ ದೇಶದ ಜನ ಮರದ ಕೆಳಗೆ ಕಣ್ಣು ಮುಚ್ಚಿ ಕುಳಿತಿದ್ದರು.

ಚಿಗವ್ವ ಬರಿಗಾಲಲ್ಲಿ ಮುಂದೆ ನಡೆದಳು. ನಾನು ಅವಳ ನೀರಿನ ಬಾಟಲಿ ಹಿಡಿದು ಹಿಂದೆ ನಡೆದೆ. ಹಿಂದಿನ ಸಂಜೆಯಿಂದ ಅವಳು ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಮಾತ್ರೆ ಕೊಡು, ಚಾದರ ಕೊಡು, ಅಷ್ಟೆ. ಬುದ್ಧ ಹುಟ್ಟಿದ ಗುರುತಿನ ಕಲ್ಲಿನ ಮುಂದೆ ಅವಳು ಕೈ ಮುಗಿದು ನಿಂತಾಗ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹಾಸ್ಟೆಲಿನಲ್ಲಿ ಅಕ್ಕಿ ಆರಿಸುವಾಗ ನೋಡುತ್ತಿದ್ದಳಲ್ಲ, ಹಾಗೆ ಗಮನವಿಟ್ಟು ನೋಡಿದಳು.

ಕೊಳದ ಮೆಟ್ಟಿಲ ಮೇಲೆ ಕುಳಿತಾಗ ತಾನೇ ಮಾತು ತೆಗೆದಳು.

"ಸುಮಿ, ನೀ ಬೈದಿದ್ದಕ್ಕ ನನಗ ಸಿಟ್ಟಿಲ್ಲ. ಸಿಟ್ಟಿನಾಗ ಯಾರರ ಬೈತಾರ."

ಕೊಳದ ಕಡೆ ನೋಡುತ್ತ ಮುಂದುವರಿಸಿದಳು.

"ನಾ ಸಣ್ಣಾಕಿದ್ದಾಗಿಂದ ಬೈಸ್ಕೊಂಡೀನಿ. ಕೂಲಿಗೆ ಹೋದ ಹೊಲದಾಗ ಬೈದ್ರು. ಹಾಸ್ಟೆಲ್ನಾಗ ಸಾರು ತೆಳ್ಳಗಾತು ಅಂತ ಬೈದ್ರು, ಬ್ಯಾಳಿ ಕೊಡದವರು ಅವರ. ನಂದಲ್ಲದ್ದಕ್ಕ ತಪ್ಪಾತ್ರಿ ಅಂದು ಅಂದು ನಾಲಿಗಿಗೆ ರೂಢಿ ಆಗೇತಿ. ಆ ಮಾತು ಇಲ್ಲಿ ಬಿಟ್ಟು ಹೋಗಬೇಕು ಅಂತ ಬಂದಿದ್ದೆ. ಇಲ್ಲಿ ಮುಟ್ಟೋಕಿಂತ ಮುಂಚೆ ನೀನ ನನ್ನ ಬಾಯಾಗ ಅದನ್ನ ಅನ್ನಿಸಿದಿ. ಅನ್ನಿಸಿ, ಗೊತ್ತಾದ ಮ್ಯಾಲೂ ಇಟ್ಕೊಂಡು ಕುಂತಿ."

ಕೊಳದ ನೀರಿನಲ್ಲಿ ಆಮೆಗಳಿದ್ದವು. ಒಂದು ತಲೆ ಎತ್ತಿ, ನಮ್ಮನ್ನು ನೋಡಿ, ಮುಳುಗಿತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಸಮಾನತೆ, ಘನತೆ ಎಂದು ಓಣಿಯ ಸಭೆಗಳಲ್ಲಿ ಮೈಕು ಹಿಡಿದು ಮಾತಾಡುವವಳು ನಾನೇ. ಚಿಗವ್ವ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾಳೆ.

"ತಪ್ಪಾತು ಚಿಗವ್ವ" ಎಂದೆ.

"ಹೂಂ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಬಾಟಲಿ ಇಸಿದುಕೊಂಡು ಗಟಗಟ ನೀರು ಕುಡಿದಳು.

ಸುನೌಲಿ

ವಾಪಸು ವಿಮಾನ ಬೇಡವೆಂದು ಚಿಗವ್ವ ಖಡಾಖಂಡಿತ ಹೇಳಿದ್ದರಿಂದ, ಕಾಠ್ಮಂಡುವಿನ ಟಿಕೇಟು ಬಿಟ್ಟು ಸುನೌಲಿ ಗಡಿಯ ಮೂಲಕ ಗೋರಖಪುರಕ್ಕೆ ಹೊರಟೆವು. ಗಡಿ ಎಂದರೆ ಒಂದು ಕಮಾನು, ಇಕ್ಕೆಲದಲ್ಲಿ ಪೊಲೀಸರು, ನಡುವೆ ಸೈಕಲ್ಲು, ರಿಕ್ಷಾ, ಕೋಳಿಬುಟ್ಟಿ ಹೊತ್ತವರು. ನಮ್ಮ ಹರಪನಹಳ್ಳಿಯ ಸಂತೆಯ ದಿನ ಬಸ್‌ಸ್ಟ್ಯಾಂಡಿನ ಮುಂದೆ ಇದಕ್ಕಿಂತ ಹೆಚ್ಚು ತಪಾಸಣೆ ಇರುತ್ತದೆ.

ಕಮಾನು ದಾಟಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಚಿಗವ್ವ ನಿಂತಳು.

"ಈಗ ಗಡಿಯಾರ ತಿರುಗಿಸೂದು ಬ್ಯಾಡೇನು?"

ತಿರುಗಿಸಿದೆ. ಅವಳ ಎದುರಿಗೇ ತಿರುಗಿಸಿದೆ. ಅವಳು ಬಗ್ಗಿ ಮುಳ್ಳು ಹಿಂದಕ್ಕೆ ಹೋಗುವುದನ್ನು ನೋಡಿ, "ಇಷ್ಟಾ?" ಎಂದಳು. "ಇಷ್ಟ ಬೆರಳಿನ ಕೆಲಸಕ್ಕಾ?"

ನಗಲೆಂದು ಹೇಳಿದಳೋ ಇಲ್ಲವೋ ತಿಳಿಯಲಿಲ್ಲ. ನಾನು ನಗಲಿಲ್ಲ.

ಮತ್ತೆ ಹರಪನಹಳ್ಳಿ

ಊರಿಗೆ ಬಂದ ಸಂಜೆ ಓಣಿಯವರೆಲ್ಲ ಚಿಗವ್ವನ ಮನೆಯಲ್ಲಿ ಸೇರಿದರು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಆಯಿತು. ಹಿಮದ ವಿಡಿಯೊ ಎಲ್ಲರ ಕೈಗೂ ಹೋಗಿ ಬಂತು. ಚಿಗವ್ವ ಲುಂಬಿನಿಯಿಂದ ತಂದ ಅರಳಿ ಎಲೆಗಳನ್ನು ಮನೆಗೊಂದರಂತೆ ಹಂಚುತ್ತಿದ್ದಳು. ಪಕ್ಕದ ಮನೆಯ ರತ್ನಕ್ಕ ಕೇಳಿದಳು:

"ಅರ್ಧ ತಾಸಿನಾಗ ಹಾರಿ ಹೋದ್ರೇನು ಟೀಚರ್ರ? ಹೆಂಗಿತ್ತು?"

ನಾನು ಮಂಡಕ್ಕಿಯ ತಟ್ಟೆ ನೋಡುತ್ತ ಹೇಳಿದೆ: "ಅದೇನಾತಂದ್ರ, ಟೈಮ್ ಹೆಚ್ಚುಕಡಿಮಿ ಆಗಿ ವಿಮಾನ ತಪ್ಪಿತು. ಬಸ್ಸಿಗೆ ಹೋದ್ವಿ."

ಎಲೆ ಹಂಚುತ್ತಿದ್ದ ಚಿಗವ್ವನ ಕೈ ನಿಂತಿತು.

"ತಪ್ಪಿತು ಅನ್ನಬ್ಯಾಡ. ಯಾರು ತಪ್ಪಿಸಿದ್ರು, ಅದನ್ನ ಹೇಳು."

ಬಜ್ಜಿ ಕರಿಯುತ್ತಿದ್ದವರೂ ಒಳಗಿನಿಂದ ಇಣುಕಿದರು. ನನ್ನ ಕೈಕೆಳಗೆ ಓದಿದ ಮಕ್ಕಳ ತಾಯಂದಿರು ಅಲ್ಲಿದ್ದರು, ನನ್ನನ್ನು ಸಭೆಗಳಿಗೆ ಕರೆಯುವ ಹಿರಿಯರಿದ್ದರು.

"ನಾನು ತಪ್ಪಿಸಿದೆ" ಎಂದೆ.

ಗಡಿಯಾರದ್ದು ಹೇಳಿದೆ. ರತ್ನಕ್ಕ ನಕ್ಕಳು, ಉಳಿದವರೂ ನಕ್ಕರು, ಟೀಚರೇ ಫೇಲಾದರು ಎಂದರು. ಅಲ್ಲಿಗೆ ಬಿಡಬಹುದಿತ್ತು. ಚಿಗವ್ವ ನನ್ನನ್ನೇ ನೋಡುತ್ತಿದ್ದಳು. ಕೌಂಟರಿನ ಮುಂದೆ ಕೂಗಿದ್ದು ಹೇಳಿದೆ. ಕೂಗಿದ ಮಾತುಗಳನ್ನು ಒಂದೊಂದಾಗಿ ಹೇಳಿದೆ. ತಿಳಿದ ಮೇಲೂ ಇರಲಿ ಬಿಡು ಎಂದದ್ದು, ಅವಳು ಹಸಿದು ಕುಳಿತಾಗ ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡದ್ದು, ಅವಳು ಯಾಕೆ ನೀರು ಕುಡಿಯಲಿಲ್ಲ ಎನ್ನುವುದು, ಎಲ್ಲಾ ಹೇಳಿದೆ. ಆಗ ಯಾರೂ ನಗಲಿಲ್ಲ. ರತ್ನಕ್ಕ ನನ್ನ ಮುಖ ನೋಡುವುದನ್ನು ಬಿಟ್ಟು ಕೈಯಲ್ಲಿದ್ದ ಎಲೆಯನ್ನು ನೋಡತೊಡಗಿದಳು. ಇವತ್ತಿಗೂ ಆ ಮನೆಗಳ ಮುಂದೆ ಹಾದು ಹೋಗುವಾಗ ನನ್ನ ಹೆಜ್ಜೆ ತಾನಾಗಿ ಚುರುಕಾಗುತ್ತದೆ.

ಅವಳು ಬಸ್ಸಿನಲ್ಲಿ ನನ್ನ ಭುಜಕ್ಕೆ ಕುಸಿದಲ್ಲಿಯ ತನಕ ಹೇಳಿದೆ.

"ಹೂಂ, ಸಾಕು. ಇನ್ನ ಮುಂದಿಂದು ನಾ ಹೇಳ್ತೀನಿ" ಎಂದಳು ಚಿಗವ್ವ. ಎಲೆಗಳನ್ನು ಪಕ್ಕಕ್ಕಿಟ್ಟು ಚಕ್ಕಂಬಕ್ಕಳ ಹಾಕಿ ಕುಳಿತಳು. ಅವಳ ಮುಖ ಅರಳಿತ್ತು.

"ಕೇಳ್ರಿ. ಯಾವ ಊರೋ, ಯಾವ ಮಂದಿಯೋ. ಡ್ರೈವರ್ ಇಂಜಿನ್ ಬಂದ್ ಮಾಡಿದ. ಮದುವಿಗೆ ಹೋಗೋ ಮಂದಿ ಸೈತ ಇಳಿದು ನೆರಳಿಗೆ ಕುಂತ್ರು. ಒಬ್ಬರೂ ಪಿಟಕ್ ಅನ್ನಲಿಲ್ಲ. ನಾ ಎದ್ದು ಕುಂದ್ರೋ ತನಕ, ಇಡೀ ಬಸ್ಸು ನನ್ನ ಸಲುವಾಗಿ ನಿಂತಿತ್ತು ನೋಡ್ರಿ!"